ಹಗ್ಗ ಬಿಗಿಯಾಗುವ ತನಕ ತಡೆ: ವರ್ಣತಂತುವಿಗೆ ಅಂಟಿದ ಪ್ರೋಟೀನುಗಳು ಕೋಶವಿಭಜನೆಯನ್ನು ನಡೆಸುವ ಬಗೆ

ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳು, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಮತ್ತು ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.

ಹಿಂದಿನ ಮೇಜಿನ ಮೇಲೆ ಎರಡು ಸೂಕ್ಷ್ಮದರ್ಶಕ ಇಟ್ಟಿದ್ದೇವೆ. ಎರಡರಲ್ಲೂ ಇರುವುದು ಉಳ್ಳಾಗಡ್ಡಿ ಬೇರಿನ ತುದಿ. ಎಡಗಡೆಯದು ಸಾದಾ ನೀರಿನಲ್ಲಿ ಬೇರು ಬಿಟ್ಟದ್ದು. ಬಲಗಡೆಯದನ್ನು ಕತ್ತರಿಸುವ ಮೊದಲು 24 ಗಂಟೆ ಮಂಜುಗಡ್ಡೆಯ ನೀರಿನಲ್ಲಿ ಇಟ್ಟಿತ್ತು. ಮಾತು ಮುಗಿದ ಮೇಲೆ ಎರಡನ್ನೂ ನೋಡಿ. ಎಡಗಡೆ ವರ್ಣತಂತುಗಳು ನಡುವೆ ಸಾಲಾಗಿ ನಿಂತ ಕೋಶವೂ ಸಿಗುತ್ತದೆ, ಎರಡು ಪಾಲಾಗಿ ಅತ್ತಿತ್ತ ಸರಿದ ಕೋಶವೂ ಸಿಗುತ್ತದೆ. ಬಲಗಡೆ ಸರಿದವು ಅಪರೂಪ. ಗಿಡ್ಡಾಗಿ ದಪ್ಪಾದ ವರ್ಣತಂತುಗಳು ಚೆಲ್ಲಿದ ಬೆಂಕಿಕಡ್ಡಿಗಳ ಹಾಗೆ ಬಿದ್ದಿರುತ್ತವೆ. ಅವು ಕಾಯುತ್ತಿವೆ. ಯಾತಕ್ಕೆ ಕಾಯುತ್ತಿವೆ, ಕಾಯಲು ಹೇಳಿದ್ದು ಯಾರು ಎಂಬುದೇ ಇವತ್ತಿನ ಮಾತು.

ಪಠ್ಯಪುಸ್ತಕದಲ್ಲಿ ನಾಲ್ಕು ಚಿತ್ರಗಳಿರುತ್ತವೆ: ಪ್ರೊಫೇಸ್ (ವರ್ಣತಂತು ದಟ್ಟವಾಗುವುದು), ಮೆಟಾಫೇಸ್ (ನಡುವೆ ಸಾಲಾಗಿ ನಿಲ್ಲುವುದು), ಅನಾಫೇಸ್ (ಎರಡು ಪಾಲಾಗಿ ಸರಿಯುವುದು), ಟೆಲೋಫೇಸ್ (ಎರಡು ನ್ಯೂಕ್ಲಿಯಸ್ ಆಗುವುದು). ಅವನ್ನು ನೋಡಿದರೆ ವರ್ಣತಂತು ಒಂದು ಮೂಟೆ, ಕದಿರೆಳೆಗಳು (ಅದನ್ನು ಹಿಡಿದು ಎಳೆಯುವ ಸಣ್ಣ ಎಳೆಗಳು) ಅದನ್ನು ಹೊರುವ ಹಮಾಲರು ಅನ್ನಿಸುತ್ತದೆ. ನಮ್ಮ ಗಂಜ್ ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ ತೊಗರಿ ಚೀಲ ಸಾಗುವುದು ಹಾಗೆಯೇ. ಕೋಶದೊಳಗಿನ ಗಂಜ್ ಮಾತ್ರ ಬೇರೆ. ಅಲ್ಲಿ ಚೀಲವೇ ಹಮಾಲನನ್ನು ಕೂಗಿ ಕರೆಯುತ್ತದೆ, ತನ್ನನ್ನು ಸರಿಯಾಗಿ ಹಿಡಿದಿದ್ದಾನೋ ಇಲ್ಲವೋ ಎಂದು ತಾನೇ ಪರೀಕ್ಷಿಸುತ್ತದೆ, ಹಿಡಿತ ತಪ್ಪಿದ್ದರೆ ಇಡೀ ಲಾರಿಯನ್ನು ನಿಲ್ಲಿಸುತ್ತದೆ. ಚೀಲಕ್ಕೆ ಈ ಅಧಿಕಾರ ಬರುವುದು ಅದರ ಮೈಗೆ ಅಂಟಿಕೊಂಡ ಪ್ರೋಟೀನುಗಳಿಂದ.

ಸುತ್ತುವ ಕೆಲಸ

ಮೊದಲು ಅಳತೆ. ಮನುಷ್ಯನ ಒಂದು ಕೋಶದ 46 ವರ್ಣತಂತುಗಳ ಡಿಎನ್‌ಎಯನ್ನು ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್. ವಿಭಜನೆಗೆ ಮುಂಚೆ ಅದು ನಕಲಾಗಿ 4 ಮೀಟರ್ ಆಗುತ್ತದೆ. ಅದನ್ನು ಹಿಡಿದಿಡುವ ನ್ಯೂಕ್ಲಿಯಸ್ಸಿನ ಅಡ್ಡಳತೆ ಸುಮಾರು 10 ಮೈಕ್ರೋಮೀಟರ್. ಇದನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ನೋಡಿ: 10 ಸೆಂಟಿಮೀಟರಿನ ಒಂದು ದೊಡ್ಡ ಉಳ್ಳಾಗಡ್ಡಿಯೊಳಗೆ 40 ಕಿಲೋಮೀಟರ್ ದಾರ, ಹೆಚ್ಚುಕಡಿಮೆ ಕಲಬುರಗಿಯಿಂದ ಆಳಂದದವರೆಗಿನ ದಾರಿಯಷ್ಟು. ಅದೂ ತಲೆಗೂದಲಿಗಿಂತ ತೆಳುವಾದ ದಾರ, 92 ತುಂಡುಗಳಲ್ಲಿ. ಒಂದು ತುಂಡೂ ಹರಿಯದಂತೆ, ಗಂಟು ಬೀಳದಂತೆ, ಎರಡು ಸಮಪಾಲು ಮಾಡಬೇಕು. ಮನುಷ್ಯನ ಕೋಶ ಈ ಕೆಲಸವನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತದೆ.

ಮೊದಲ ಸುತ್ತು ಹಿಸ್ಟೋನ್‌ಗಳದು. ನಾಲ್ಕು ಬಗೆಯ ಹಿಸ್ಟೋನ್‌ಗಳು ತಲಾ ಎರಡರಂತೆ ಎಂಟು ಸೇರಿ ಒಂದು ಗುಂಡು. ಅದರ ಮೇಲೆ 147 ಪ್ರತ್ಯಾಮ್ಲ ಜೋಡಿಗಳಷ್ಟು (ಎದುರುಬದುರು ಕೂತ ಅಕ್ಷರಗಳ ಜೋಡಿ) ಡಿಎನ್‌ಎ ಒಂದೂ ಮುಕ್ಕಾಲು ಸುತ್ತಿಗೆ ತುಸು ಕಡಿಮೆ ಸುತ್ತಿಕೊಂಡಿರುತ್ತದೆ. ಡಿಎನ್‌ಎಗೆ ಋಣ ವಿದ್ಯುದಂಶ, ಹಿಸ್ಟೋನ್‌ಗೆ ಧನ. ಅಂಟಲು ಇಷ್ಟು ಸಾಕು. ಇಂಥ ಗುಂಡುಗಳು ಒಂದು ಕೋಶದಲ್ಲಿ ಸುಮಾರು 3 ಕೋಟಿ. ಆದರೆ ಇದು ವಿಭಜನೆಗೆಂದೇ ಮಾಡಿದ ಏರ್ಪಾಡಲ್ಲ, ಕೋಶ ಸುಮ್ಮನಿದ್ದಾಗಲೂ ಇರುವಂಥದು.

ವಿಭಜನೆಯ ಹೊತ್ತಿಗೆ ಬರುವ ನಿಜವಾದ ಕೆಲಸಗಾರ ಕಂಡೆನ್ಸಿನ್. ಇದನ್ನು 1997ರಲ್ಲಿ ಕಪ್ಪೆಯ ಮೊಟ್ಟೆಗಳ ರಸದಿಂದ ಬೇರ್ಪಡಿಸಿದವರು ತತ್ಸುಯಾ ಹಿರಾನೊ ಮತ್ತು ಸಂಗಡಿಗರು. ಇದು ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ಇಪ್ಪತ್ತು ವರ್ಷ ಊಹೆಗಳೇ ಹೆಚ್ಚಿದ್ದವು. 2018ರಲ್ಲಿ ಗಾಜಿನ ಮೇಲೆ ಎರಡೂ ತುದಿ ಅಂಟಿಸಿದ ಒಂದೇ ಒಂದು ಡಿಎನ್‌ಎ ಎಳೆಯ ಮೇಲೆ ಒಂದೇ ಒಂದು ಕಂಡೆನ್ಸಿನ್ ಕುಳಿತು ಕುಣಿಕೆ ಎಳೆಯುವುದನ್ನು ಕಣ್ಣಾರೆ ನೋಡಿದರು. ಬಾವಿಯ ಹಗ್ಗವನ್ನು ಒಂದೇ ಕಡೆ ನಿಂತು ಸೇದಿ ಕಾಲಬುಡದಲ್ಲಿ ಸುರುಳಿ ಹಾಕುವಂತೆ ಅದು ಡಿಎನ್‌ಎಯನ್ನು ಎಳೆದೆಳೆದು ಕುಣಿಕೆ ದೊಡ್ಡದು ಮಾಡುತ್ತ ಹೋಗುತ್ತದೆ. ವೇಗ ಸೆಕೆಂಡಿಗೆ 1,500 ಪ್ರತ್ಯಾಮ್ಲ ಜೋಡಿಗಳವರೆಗೆ. ಅದೇ ವರ್ಷದ ಇನ್ನೊಂದು ಅಧ್ಯಯನದ ಲೆಕ್ಕದಂತೆ ಮೆಟಾಫೇಸಿನ ವರ್ಣತಂತುವಿನಲ್ಲಿ ಸುಮಾರು 4 ಲಕ್ಷ ಜೋಡಿಗಳ ದೊಡ್ಡ ಕುಣಿಕೆಗಳು, ಅವುಗಳೊಳಗೆ ಸುಮಾರು 80 ಸಾವಿರ ಜೋಡಿಗಳ ಸಣ್ಣ ಕುಣಿಕೆಗಳು. ಮೇಲಿನ ವೇಗ ಹಾಕಿ ಭಾಗಿಸಿದರೆ ದೊಡ್ಡ ಕುಣಿಕೆಗೆ ನಾಲ್ಕೂವರೆ ನಿಮಿಷ. ಪ್ರೊಫೇಸಿನ ಅವಧಿಗೆ ಈ ಲೆಕ್ಕ ಹೊಂದುತ್ತದೆ.

ನಮ್ಮಂಥ ಕಶೇರುಕಗಳಲ್ಲಿ ಕಂಡೆನ್ಸಿನ್ ಎರಡು ಬಗೆ. ಎರಡನೆಯದು ನ್ಯೂಕ್ಲಿಯಸ್ಸಿನ ಒಳಗೇ ಇದ್ದು ಪ್ರೊಫೇಸಿನಲ್ಲೇ ಕೆಲಸಕ್ಕೆ ಇಳಿಯುತ್ತದೆ, ದೊಡ್ಡ ಕುಣಿಕೆ ಅದರದ್ದು. ಮೊದಲನೆಯದು ಹೊರಗೆ ಕಾಯುತ್ತಿದ್ದು ನ್ಯೂಕ್ಲಿಯಸ್ಸಿನ ಪೊರೆ ಕಳಚಿದ ಮೇಲೆ ಒಳಬಂದು ಸಣ್ಣ ಕುಣಿಕೆ ಹಾಕುತ್ತದೆ. ಕಂಡೆನ್ಸಿನ್ ತೆಗೆದುಹಾಕಿದರೆ ಏನಾಗುತ್ತದೆ? ವರ್ಣತಂತು ಇರುವುದೇ ಇಲ್ಲ ಎಂದುಕೊಳ್ಳುತ್ತೀರಿ. ಹಾಗಾಗುವುದಿಲ್ಲ. ಡಿಎನ್‌ಎ ಒಂದು ಮಟ್ಟಿಗೆ ದಟ್ಟವಾಗಿಯೇ ಕಾಣುತ್ತದೆ. ಆದರೆ ಮೈಯಲ್ಲಿ ಬಿಗುವಿರುವುದಿಲ್ಲ, ಎಳೆದಾಗ ಜೋತು ಬೀಳುತ್ತದೆ, ಎರಡು ಪಾಲಿನ ನಡುವೆ ಎಳೆಗಳು ಸಿಕ್ಕಿಕೊಂಡು ಸೇತುವೆಯಂತೆ ತೂಗುತ್ತವೆ. ಸಿಕ್ಕು ಬಿಡಿಸುವ ಕಿಣ್ವ ಬೇರೆಯೇ ಇದೆ, ಟೋಪೋಐಸೋಮರೇಸ್ 2. ಅದು ಒಂದು ಎಳೆಯನ್ನು ಕತ್ತರಿಸಿ, ಇನ್ನೊಂದನ್ನು ಅದರೊಳಗಿಂದ ದಾಟಿಸಿ, ಮತ್ತೆ ಬೆಸೆಯುತ್ತದೆ. ಕತ್ತರಿ ಅದರ ಕೈಯಲ್ಲಿದ್ದರೂ ಯಾವ ಕಡೆ ಬಿಡಿಸಬೇಕು ಎಂಬ ದಿಕ್ಕು ಸಿಗುವುದು ಕಂಡೆನ್ಸಿನ್ ಎಳೆತದಿಂದ.

ಸುತ್ತಿದ 46 ಗಂಟುಗಳು ಒಂದಕ್ಕೊಂದು ಅಂಟಬಾರದಲ್ಲ, ಅದಕ್ಕೆ ಕೆಐ-67. ಈ ಪ್ರೋಟೀನಿನ ಒಂದು ತುದಿ ವರ್ಣತಂತುವಿಗೆ ಅಂಟಿರುತ್ತದೆ, ಇನ್ನೊಂದು ತುದಿ ಬ್ರಷ್ಷಿನ ಕೂದಲಿನ ಹಾಗೆ ಹೊರಗೆ ಚಾಚಿರುತ್ತದೆ. 2016ರಲ್ಲಿ ಇದು ಗೊತ್ತಾಯಿತು. ಅದಿಲ್ಲದಿದ್ದರೆ ಎಲ್ಲ ವರ್ಣತಂತುಗಳೂ ಕಲಸಿದ ಹಿಟ್ಟಿನಂತೆ ಒಂದೇ ಮುದ್ದೆ. ಹೆಸರಿನ ಹಿಂದೆ ದೊಡ್ಡ ಅರ್ಥವೇನೂ ಇಲ್ಲ. ಜರ್ಮನಿಯ ಕೀಲ್ ನಗರದ ಪ್ರಯೋಗಾಲಯ, ತಟ್ಟೆಯಲ್ಲಿ 67ನೇ ಕುಳಿ, ಅಷ್ಟೇ.

ಹಮಾಲನನ್ನು ಕರೆಯುವುದು

ನ್ಯೂಕ್ಲಿಯಸ್ಸಿನ ಪೊರೆ ಕಳಚಿದ ಕ್ಷಣದಲ್ಲಿ ಕೋಶಕ್ಕೆ ಒಂದು ತೊಡಕು ಎದುರಾಗುತ್ತದೆ. ಇಷ್ಟು ಹೊತ್ತು ವರ್ಣತಂತುಗಳಿಗೆ ಒಂದು ಕೋಣೆ ಇತ್ತು, ವಿಳಾಸ ಇತ್ತು. ಈಗ ಗೋಡೆಯೇ ಇಲ್ಲ. ಕದಿರೆಳೆಗಳು ಎಲ್ಲಿ ಹುಟ್ಟಬೇಕು ಎಂದು ಗೊತ್ತಾಗುವುದು ಹೇಗೆ?

ಉತ್ತರ ಆರ್‌ಸಿಸಿ1 ಎಂಬ ಪ್ರೋಟೀನು. ಇದು ನೇರವಾಗಿ ಹಿಸ್ಟೋನ್ ಗುಂಡಿನ ಮೈಮೇಲೆ ಕೂರುತ್ತದೆ. ಇದರ ಕೆಲಸ ಒಂದೇ: ರಾನ್ ಎಂಬ ಪುಟ್ಟ ಪ್ರೋಟೀನಿನಲ್ಲಿರುವ ಜಿಡಿಪಿ ಎಂಬ ಸಣ್ಣ ಅಣುವನ್ನು ತೆಗೆಸಿ ಅದರ ಬದಲು ಜಿಟಿಪಿ ಎಂಬುದನ್ನು ಹಿಡಿಸುವುದು, ಅಂದರೆ ರಾನ್ ಅನ್ನು ಚಾಲೂ ಮಾಡುವುದು. ಅದನ್ನು ಬಂದ್ ಮಾಡುವ ಕಿಣ್ವ ಇರುವುದು ಕೋಶರಸದಲ್ಲಿ. ಚಾಲೂ ಆಗುವುದು ವರ್ಣತಂತುವಿನ ಬಳಿ, ಬಂದ್ ಆಗುವುದು ದೂರದಲ್ಲಿ. ಹೀಗಾಗಿ ವರ್ಣತಂತುಗಳ ಸುತ್ತ ಚಾಲೂ ರಾನ್‌ನ ಒಂದು ಮೋಡ. ಅಡುಗೆಮನೆ ಹತ್ತಿರವಾದಷ್ಟೂ ಒಗ್ಗರಣೆಯ ಘಾಟು ಹೆಚ್ಚಾಗುವುದಿಲ್ಲವೆ, ಹಾಗೆ. ಗೋಡೆ ಇಲ್ಲದಿದ್ದರೂ ಒಲೆ ಎಲ್ಲಿದೆ ಎಂದು ಮೂಗಿಗೆ ಗೊತ್ತು.

ಆ ಮೋಡದೊಳಗೆ ಆಗುವುದೇನು? ಕದಿರೆಳೆ ಹುಟ್ಟಿಸುವ ಟಿಪಿಎಕ್ಸ್2 ಮುಂತಾದ ಪ್ರೋಟೀನುಗಳನ್ನು ಇಂಪೋರ್ಟಿನ್ ಎಂಬುದು ಕಟ್ಟಿಹಾಕಿಕೊಂಡಿರುತ್ತದೆ. ಚಾಲೂ ರಾನ್ ಬಂದು ಇಂಪೋರ್ಟಿನ್‌ನ ಹಿಡಿತ ಬಿಡಿಸುತ್ತದೆ. ಬಿಡುಗಡೆಯಾದವು ಅಲ್ಲೇ, ವರ್ಣತಂತುವಿನ ಪಕ್ಕದಲ್ಲೇ, ಕದಿರೆಳೆ ಹುಟ್ಟಿಸುತ್ತವೆ. 1996ರಲ್ಲಿ ರೆಬೆಕಾ ಹೀಲ್ಡ್ ಮತ್ತು ಸಂಗಡಿಗರು ಪುಟ್ಟ ಮಣಿಗಳಿಗೆ ಡಿಎನ್‌ಎ ಅಂಟಿಸಿ ಕಪ್ಪೆಮೊಟ್ಟೆಯ ರಸಕ್ಕೆ ಹಾಕಿದರು. ಆ ಡಿಎನ್‌ಎಯಲ್ಲಿ ಸೆಂಟ್ರೊಮಿಯರ್ (ಕದಿರೆಳೆ ಹಿಡಿಯುವ ಜಾಗ) ಇರಲಿಲ್ಲ, ರಸದಲ್ಲಿ ಸೆಂಟ್ರೊಸೋಮ್ (ಪ್ರಾಣಿಕೋಶದಲ್ಲಿ ಕದಿರೆಳೆ ಹೊರಡುವ ಕೇಂದ್ರ) ಇರಲಿಲ್ಲ. ಆದರೂ ಮಣಿಗಳ ಸುತ್ತ ಎರಡು ಧ್ರುವಗಳ (ತುದಿಗಳ) ಕದಿರು, ಅಂದರೆ ಕದಿರೆಳೆಗಳ ಇಡೀ ಕಟ್ಟು, ತಾನಾಗಿ ಕಟ್ಟಿಕೊಂಡಿತು. ಪಠ್ಯಪುಸ್ತಕದಲ್ಲಿ ಕದಿರು ಎಂದರೆ ಸೆಂಟ್ರೊಸೋಮಿನಿಂದಲೇ ಹೊರಡಬೇಕು ಎಂದು ಈಗಲೂ ಬರೆಯುತ್ತಾರೆ. ಉಳ್ಳಾಗಡ್ಡಿಗೆ ಸೆಂಟ್ರೊಸೋಮೇ ಇಲ್ಲ, ಅದರ ಕದಿರು ಅಚ್ಚುಕಟ್ಟಾಗಿಯೇ ಇದೆ. ಆ ಸಾಲನ್ನು ತಿದ್ದುವ ಕಾಲ ಎಂದೋ ಬಂದಿದೆ.

ಆರ್‌ಸಿಸಿ1 ಎಂಬ ಹೆಸರಿಗೆ ‘ವರ್ಣತಂತು ದಟ್ಟಣೆಯ ನಿಯಂತ್ರಕ’ ಎಂದರ್ಥ. ಈ ಹೆಸರು ಬಂದದ್ದು ಹ್ಯಾಮ್‌ಸ್ಟರ್ ಇಲಿಯ ಒಂದು ಕೋಶವಂಶದಿಂದ. 33.5 ಡಿಗ್ರಿಯಲ್ಲಿ ಆ ಕೋಶಗಳು ಚೆನ್ನಾಗಿರುತ್ತವೆ. 39.5 ಡಿಗ್ರಿಗೆ ಏರಿಸಿದರೆ ಅವುಗಳ ದೋಷವುಳ್ಳ ಆರ್‌ಸಿಸಿ1 ಕರಗಿಹೋಗಿ, ಡಿಎನ್‌ಎ ನಕಲು ಇನ್ನೂ ಮುಗಿಯದಿರುವಾಗಲೇ ವರ್ಣತಂತುಗಳು ದಟ್ಟವಾಗಿಬಿಡುತ್ತವೆ. ಬಿತ್ತನೆ ಮುಗಿಯದೆ ರಾಶಿಗೆ ಹೊರಟಂತೆ. ಕೋಶ ಸಾಯುತ್ತದೆ.

ಹಿಡಿಕೆ ಎಲ್ಲಿ, ಹಿಡಿತ ಹೇಗೆ

ಕದಿರೆಳೆ ಹಿಡಿಯಬೇಕಾದ ಜಾಗ ಸೆಂಟ್ರೊಮಿಯರ್. ಅಲ್ಲಿನ ಗುರುತು ಡಿಎನ್‌ಎಯ ಅಕ್ಷರಗಳಿಗಿಂತ ಹೆಚ್ಚಾಗಿ ಸಿಇಎನ್‌ಪಿ-ಎ ಎಂಬ ವಿಶೇಷ ಹಿಸ್ಟೋನ್. ಇದು ಎಚ್3 ಹಿಸ್ಟೋನಿನ ಜಾಗದಲ್ಲಿ ಕೂರುತ್ತದೆ. ಇದನ್ನು ಪತ್ತೆಹಚ್ಚಿದ್ದು ರೋಗಿಗಳ ರಕ್ತದಿಂದ: ಚರ್ಮ ಬಿಗಿದುಕೊಳ್ಳುವ ಸ್ಕ್ಲೀರೋಡರ್ಮಾದ ಒಂದು ಬಗೆಯಲ್ಲಿ ದೇಹವು ತನ್ನದೇ ಸೆಂಟ್ರೊಮಿಯರ್ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. 1985ರಲ್ಲಿ ವಿಲಿಯಂ ಅರ್ನ್‌ಶಾ ಮತ್ತು ನವೋಮಿ ರಾತ್‌ಫೀಲ್ಡ್ ಆ ಪ್ರತಿಕಾಯಗಳನ್ನೇ ಗಾಳದಂತೆ ಬಳಸಿ ಸಿಇಎನ್‌ಪಿ ಎ, ಬಿ, ಸಿ ಮೂರನ್ನೂ ಹಿಡಿದರು. ಅಪರೂಪಕ್ಕೆ ಸಿಇಎನ್‌ಪಿ-ಎ ಬೇರೆ ಜಾಗದಲ್ಲಿ ನೆಲೆಸಿದರೆ ಅಲ್ಲೇ ಹೊಸ ಸೆಂಟ್ರೊಮಿಯರ್ ಹುಟ್ಟುತ್ತದೆ.

ಇದರ ಮೇಲೆ ಮಹಡಿ ಮಹಡಿಯಾಗಿ ಕೈನೆಟೊಕೋರ್ ಎಂಬ ಪ್ರೋಟೀನುಗಳ ಕಟ್ಟಡ ಕಟ್ಟಿಕೊಳ್ಳುತ್ತದೆ. ಅದರ ತುದಿಯಲ್ಲಿ ಕದಿರೆಳೆಯನ್ನು ಹಿಡಿಯುವ ಕೈ ಎನ್‌ಡಿಸಿ80. ಬ್ರೆಡ್ಡಿನ ಯೀಸ್ಟಿನಲ್ಲಿ ಒಂದು ಕೈನೆಟೊಕೋರಿಗೆ ಒಂದೇ ಎಳೆ, ಮನುಷ್ಯನಲ್ಲಿ 20ರ ಆಸುಪಾಸು.

ಇಲ್ಲಿ ತಪ್ಪು ಸಹಜ. ವರ್ಣತಂತು ಮತ್ತು ಅದರ ನಕಲು ಒಟ್ಟಿಗಿರುವ ಜೋಡಿಯ ಎರಡೂ ಮುಖಗಳು, ಅಂದರೆ ಎರಡು ಕೈನೆಟೊಕೋರುಗಳು, ಎದುರುಬದುರು ಧ್ರುವಗಳಿಗೆ ಕಟ್ಟಿಕೊಳ್ಳಬೇಕು. ಆದರೆ ಎಳೆಗಳು ಕಣ್ಣಿಲ್ಲದೆ ತಡಕಾಡಿ ಹಿಡಿಯುತ್ತವೆ. ಎರಡೂ ಒಂದೇ ಧ್ರುವಕ್ಕೆ ಕಟ್ಟಿಕೊಳ್ಳುವುದುಂಟು. ಒಂದೇ ಮುಖವನ್ನು ಎರಡೂ ಧ್ರುವದವರು ಹಿಡಿಯುವುದೂ ಉಂಟು. ಸರಿ ತಪ್ಪು ತಿಳಿಯುವುದು ಹೇಗೆ? ಹಗ್ಗ ಜಗ್ಗಾಟದಲ್ಲಿ ಹೇಗೆ ತಿಳಿಯುತ್ತದೋ ಹಾಗೆಯೇ. ಆ ಕಡೆಯವರೂ ಜಗ್ಗಿದರೆ ಹಗ್ಗ ಬಿಗಿಯುತ್ತದೆ, ಎಲ್ಲರೂ ಒಂದೇ ಕಡೆ ನಿಂತರೆ ಸಡಿಲ.

ಬ್ರೂಸ್ ನಿಕ್ಲಸ್ 1969ರಲ್ಲಿ ಇದನ್ನು ತೋರಿಸಿದ ರೀತಿ ಕೋಶವಿಜ್ಞಾನದ ಅತಿ ಚೆಂದದ ಪ್ರಯೋಗಗಳಲ್ಲಿ ಒಂದು ಎಂಬುದು ನಮ್ಮ ಅಭಿಪ್ರಾಯ. ಮಿಡತೆಯ ವೀರ್ಯಜನಕ ಕೋಶದೊಳಗೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿ ಇಳಿಸಿ, ವರ್ಣತಂತುವಿನ ಜೋಡಿಯನ್ನು ಕದಿರಿನಿಂದ ಬಿಡಿಸಿ, ಎರಡೂ ಒಂದೇ ಧ್ರುವಕ್ಕೆ ಕಟ್ಟಿಕೊಳ್ಳುವಂತೆ ಮಾಡಿದರು. ಸುಮ್ಮನೆ ಬಿಟ್ಟರೆ ಆ ಹಿಡಿತ ತಾನಾಗಿ ಕಳಚಿ ಸರಿಯಾಗುತ್ತಿತ್ತು. ಆದರೆ ಸೂಜಿಯಿಂದ ಎದುರು ದಿಕ್ಕಿಗೆ ಮೆಲ್ಲಗೆ ಎಳೆದು ಹಿಡಿದಾಗ ತಪ್ಪು ಹಿಡಿತವೇ ಗಟ್ಟಿಯಾಗಿ ಉಳಿಯಿತು. ಕೋಶ ನೋಡುತ್ತಿದ್ದದ್ದು ಬಿಗುವನ್ನು ಮಾತ್ರ, ಎಳೆಯುವವರು ಯಾರು ಎಂಬುದನ್ನಲ್ಲ.

ಈ ಬಿಗುವನ್ನು ಓದುವ ಪ್ರೋಟೀನು ಅರೋರಾ ಬಿ. ಇದು ಸರ್ವೈವಿನ್, ಬೋರಿಯಾಲಿನ್, ಇನ್‌ಸೆಂಪ್ ಎಂಬ ಮೂರು ಜೊತೆಗಾರರೊಂದಿಗೆ ಸೆಂಟ್ರೊಮಿಯರಿನ ಒಳಭಾಗದಲ್ಲಿ, ಎರಡು ಮುಖಗಳ ನಡುವೆ ಕೂತಿರುತ್ತದೆ. ಅದರ ಕೆಲಸ ಎನ್‌ಡಿಸಿ80ಗೆ ಫಾಸ್ಫೇಟ್ ಅಂಟಿಸುವುದು. ಫಾಸ್ಫೇಟ್ ಅಂಟಿದ ಕೈ ಜಾರುತ್ತದೆ, ಎಳೆ ಕಳಚುತ್ತದೆ. ಹಗ್ಗ ಬಿಗಿದಾಗ ಕೈನೆಟೊಕೋರಿನ ಹೊರಭಾಗ ಹಿಗ್ಗಿ ಅರೋರಾ ಬಿಯ ಕೈಗೆಟುಕದಷ್ಟು ದೂರ ಹೋಗುತ್ತದೆ, ಫಾಸ್ಫೇಟ್ ಬೀಳುವುದಿಲ್ಲ, ಹಿಡಿತ ಉಳಿಯುತ್ತದೆ. ಸದ್ಯದ ಪ್ರಬಲ ವಿವರಣೆ ಇದು. ದೂರವೊಂದೇ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ.

ತಡೆ

ತಪ್ಪು ತಿದ್ದಲು ಸಮಯ ಬೇಕು. ಆ ಸಮಯ ಕೊಡಿಸುವುದು ತಪಾಸಣೆಯ ತಡೆ. 1991ರಲ್ಲಿ ಯೀಸ್ಟ್‌ನಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಇದರ ಜೀನುಗಳನ್ನು ಹುಡುಕಿ ಮ್ಯಾಡ್, ಬಬ್ ಎಂದು ಹೆಸರಿಟ್ಟವು. ಎಳೆ ಸಿಗದ ಕೈನೆಟೊಕೋರಿನ ಮೇಲೆ ಮ್ಯಾಡ್1 ಕೂರುತ್ತದೆ. ಅಲ್ಲಿಗೆ ಬಂದ ಮ್ಯಾಡ್2 ತನ್ನ ಆಕಾರ ಬದಲಿಸಿ ಸಿಡಿಸಿ20 ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಬಬ್ ಬಳಗದ ಇಬ್ಬರು ಜೊತೆಗೂಡುತ್ತಾರೆ. ಸಿಡಿಸಿ20 ಇಲ್ಲದೆ ಎಪಿಸಿ ಎಂಬ ದೊಡ್ಡ ಯಂತ್ರ ಓಡುವುದಿಲ್ಲ. ಎಪಿಸಿ ಓಡದೆ ಅನಾಫೇಸ್ ಇಲ್ಲ.

46 ಜೋಡಿಗಳಲ್ಲಿ ಒಂದೇ ಒಂದು ಕೈನೆಟೊಕೋರ್ ಖಾಲಿ ಇದ್ದರೂ ಇಡೀ ಕೋಶ ನಿಲ್ಲುತ್ತದೆ. ಕಾನ್ಲಿ ರೀಡರ್ ಮತ್ತು ಸಂಗಡಿಗರು 1995ರಲ್ಲಿ ಪೊಟೊರೂ ಎಂಬ ಆಸ್ಟ್ರೇಲಿಯದ ಪ್ರಾಣಿಯ ಕೋಶಗಳಲ್ಲಿ ಕೊನೆಯದಾಗಿ ಉಳಿದಿದ್ದ ಖಾಲಿ ಕೈನೆಟೊಕೋರನ್ನು ಲೇಸರಿನಿಂದ ಸುಟ್ಟರು. ಹತ್ತಿಪ್ಪತ್ತು ನಿಮಿಷಗಳಲ್ಲಿ ಕೋಶ ಅನಾಫೇಸಿಗೆ ಹೊರಟಿತು. ವರ್ಣತಂತು ಇನ್ನೂ ತಪ್ಪು ಜಾಗದಲ್ಲೇ ಇತ್ತು, ಆದರೆ ಕೂಗುವ ಬಾಯಿ ಇರಲಿಲ್ಲ.

ಈ ತಡೆಗೆ ಒಂದು ಕುರುಡು ಜಾಗವೂ ಇದೆ. ಒಂದೇ ಮುಖವನ್ನು ಎರಡೂ ಧ್ರುವದವರು ಹಿಡಿದಾಗ ಕೈನೆಟೊಕೋರ್ ಖಾಲಿ ಇರುವುದಿಲ್ಲ, ಬಿಗುವೂ ಇರುತ್ತದೆ. ಕೂಗು ಏಳುವುದಿಲ್ಲ. ಅನಾಫೇಸಿನಲ್ಲಿ ಆ ವರ್ಣತಂತು ನಡುದಾರಿಯಲ್ಲಿ ಹಿಂದುಳಿಯುತ್ತದೆ, ಆಮೇಲೆ ಬೇರೆಯದೇ ಪುಟ್ಟ ಮೈಕ್ರೋನ್ಯೂಕ್ಲಿಯಸ್ ಆಗುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಕಾಣುವ ವರ್ಣತಂತುಗಳ ಏರುಪೇರಿಗೆ ಇದು ಮುಖ್ಯ ದಾರಿಗಳಲ್ಲಿ ಒಂದು.

ಬಳೆ ಒಡೆಯುವುದು

ಹಗ್ಗ ಬಿಗಿಯಬೇಕಾದರೆ ಜೋಡಿಯನ್ನು ಯಾರೋ ಒಟ್ಟಿಗೆ ಹಿಡಿದಿರಬೇಕು. ಅದು ಕೊಹೆಸಿನ್, ಸುಮಾರು 40 ನ್ಯಾನೋಮೀಟರ್ ಅಗಲದ ಬಳೆ. ಎಸ್‌ಎಂಸಿ1, ಎಸ್‌ಎಂಸಿ3 ಎಂಬ ಎರಡು ಉದ್ದ ತೋಳು, ಅವನ್ನು ಮುಚ್ಚುವ ಕೊಂಡಿ ಎಸ್‌ಸಿಸಿ1. ಡಿಎನ್‌ಎ ನಕಲಾಗುವಾಗಲೇ ಹಳೆಯದೂ ಹೊಸದೂ ಒಂದೇ ಬಳೆಯೊಳಗೆ ಸಿಕ್ಕಿಕೊಳ್ಳುತ್ತವೆ. ಆಗ ಎಸ್‌ಎಂಸಿ3ಕ್ಕೆ ಅಸಿಟೈಲ್ ಗುಂಪು ಅಂಟಿಸಿ ಬಳೆಗೆ ಬೀಗ ಹಾಕಲಾಗುತ್ತದೆ.

ಬಳೆ ಕಳಚುವುದು ಎರಡು ಕಂತಿನಲ್ಲಿ. ಪ್ರೊಫೇಸಿನಲ್ಲಿ ವರ್ಣತಂತುವಿನ ತೋಳುಗಳ ಉದ್ದಕ್ಕೂ ಇರುವ ಬಹುಪಾಲು ಬಳೆಗಳನ್ನು ವಾಪ್ಲ್ ಎಂಬ ಪ್ರೋಟೀನು ಒಡೆಯದೆಯೇ ಬಿಚ್ಚುತ್ತದೆ. ಸೆಂಟ್ರೊಮಿಯರ್ ಬಳಿಯವನ್ನು ಬಿಚ್ಚಲಾಗುವುದಿಲ್ಲ, ಅಲ್ಲಿ ಶುಗೋಶಿನ್ ಕಾವಲಿದೆ. ಜಪಾನಿ ಭಾಷೆಯಲ್ಲಿ ಆ ಹೆಸರಿಗೆ ಕಾವಲು ದೈವ ಎಂದರ್ಥ. ಎರಡನೇ ಕಂತು ಅನಾಫೇಸ್: ತಡೆ ತೆರವಾದೊಡನೆ ಎಪಿಸಿಯು ಸೆಕ್ಯೂರಿನ್ ಅನ್ನು ನಾಶಕ್ಕೆ ಗುರುತು ಮಾಡುತ್ತದೆ. ಅದರ ಬಂಧನದಲ್ಲಿದ್ದ ಸೆಪರೇಸ್ ಕಿಣ್ವ ಹೊರಬಂದು ಎಸ್‌ಸಿಸಿ1 ಕೊಂಡಿಯನ್ನು ಕತ್ತರಿಸುತ್ತದೆ. ಬಿಚ್ಚಿದ ಬಳೆಯನ್ನು ಮತ್ತೆ ತೊಡಿಸಬಹುದು, ಒಡೆದದ್ದನ್ನು ಆಗದು. ಇಷ್ಟೆಲ್ಲ ತಡೆ, ತಪಾಸಣೆ ಇರುವುದು ಈ ಒಂದು ಕತ್ತರಿಗಾಗಿ.

ನೀವೆಲ್ಲ ಬಿಡಿಸುವ ಎಕ್ಸ್ ಆಕಾರದ ವರ್ಣತಂತುವಿನ ಗುಟ್ಟೂ ಇಲ್ಲಿದೆ. ಔಷಧ ಹಾಕಿ ಕೋಶವನ್ನು ತುಂಬ ಹೊತ್ತು ನಿಲ್ಲಿಸಿದಾಗ ತೋಳುಗಳ ಬಳೆಗಳು ಬಿಚ್ಚುತ್ತಲೇ ಹೋಗಿ ಸೆಂಟ್ರೊಮಿಯರ್ ಬಳಿ ಮಾತ್ರ ಉಳಿಯುತ್ತವೆ, ತೋಳುಗಳು ಅಗಲುತ್ತವೆ. ಅವಸರದಲ್ಲಿರುವ ಸಹಜ ಕೋಶದಲ್ಲಿ ಎರಡು ತೋಳೂ ಒತ್ತಾಗಿಯೇ ಇರುತ್ತವೆ.

ಕೊನೆಯ ಹಂತವನ್ನು ಬೇಗ ಮುಗಿಸೋಣ. ಎರಡೂ ಧ್ರುವ ಸೇರಿದ ವರ್ಣತಂತುಗಳ ಮೇಲೆ ಬಿಎಎಫ್ ಎಂಬ ಪುಟ್ಟ ಪ್ರೋಟೀನು ಡಿಎನ್‌ಎ ಎಳೆಗಳನ್ನು ಹೊಲಿದಂತೆ ಒಂದು ಪದರ ಕಟ್ಟುತ್ತದೆ. ಪೊರೆ ಈ ಪದರದ ಹೊರಗೇ ಸುತ್ತಿಕೊಳ್ಳುತ್ತದೆ. ಅದಿಲ್ಲದಿದ್ದರೆ ಪೊರೆ ಒಳನುಗ್ಗಿ ಒಂದು ಕೋಶದಲ್ಲಿ ಹತ್ತಾರು ತುಂಡು ನ್ಯೂಕ್ಲಿಯಸ್ಸುಗಳಾಗುತ್ತವೆ. 2017ರಲ್ಲಿ ಇದನ್ನು ತೋರಿಸಿಕೊಟ್ಟರು.

ಮೇಜಿನ ಮೇಲಿನ ಸ್ಲೈಡುಗಳನ್ನು ಮಾಡಿದ ಬಗೆ

ಶಿಕ್ಷಕರು ಇದನ್ನೇ ಹೆಚ್ಚು ಕೇಳಿದ್ದರಿಂದ ತುಸು ವಿವರವಾಗಿ. ಉಳ್ಳಾಗಡ್ಡಿಯ ವರ್ಣತಂತುಗಳು 16 ಮಾತ್ರ, ಆದರೆ ಅದರ ಜೀನೋಮ್ (ಒಟ್ಟು ಡಿಎನ್‌ಎ) ಮನುಷ್ಯನದಕ್ಕಿಂತ ಸುಮಾರು ಐದು ಪಟ್ಟು ದೊಡ್ಡದು. ಹಾಗಾಗಿ ಒಂದೊಂದು ವರ್ಣತಂತುವೂ ದಪ್ಪ, ಶಾಲೆಯ ಸೂಕ್ಷ್ಮದರ್ಶಕಕ್ಕೂ ಕಾಣುತ್ತದೆ.

ಒಣಗಿದ ಸಣ್ಣ ಗಡ್ಡಿ ಆರಿಸಿ. ಬುಡದ ಹಳೆಯ ಒಣ ಬೇರನ್ನು ಕೆರೆದು ತೆಗೆಯಿರಿ, ಬುಡದ ತಟ್ಟೆಗೆ ಗಾಯವಾಗಬಾರದು. ಲೋಟದ ಬಾಯಿಗೆ ಇಟ್ಟು ತಟ್ಟೆ ಮಾತ್ರ ನೀರಿಗೆ ತಾಗುವಂತೆ ಮಾಡಿ. ಬೋರ್‌ವೆಲ್ಲಿನ ಸವಳು ನೀರು ಬೇಡ, ಕ್ಯಾನಿನ ನೀರು ಸಾಕು. ನಲ್ಲಿ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲಿ. ದಿನಾ ನೀರು ಬದಲಿಸಿ. 20ರಿಂದ 25 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ ಬೇರು 2 ಸೆಂಟಿಮೀಟರ್ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಇದು ಕೆಡುವುದು ಇಲ್ಲೇ: ಬಿಸಿಗೆ ಬುಡ ಲೋಳೆಯಾಗಿ ಕೊಳೆಯುತ್ತದೆ. ಕೂಲರಿನ ಮುಂದೆ ಇಡಿ, ಇಲ್ಲವಾದರೆ ಪ್ರಯೋಗವನ್ನು ನವೆಂಬರಿಗೆ ಹಾಕಿಕೊಳ್ಳಿ.

ಬಲಗಡೆಯ ಸ್ಲೈಡಿಗೆ ಇದೇ ಗಡ್ಡಿಯ ಬೇರನ್ನು ಮಂಜುಗಡ್ಡೆ ಹಾಕಿದ ನೀರಲ್ಲಿ, ಫ್ರಿಜ್ಜಿನೊಳಗೆ 24 ಗಂಟೆ ಇಡಬೇಕು. ಫ್ರೀಜರಿನಲ್ಲಿ ಇಟ್ಟರೆ ಕೋಶ ಒಡೆಯುತ್ತದೆ. ಚಳಿಗೆ ಕದಿರೆಳೆಗಳು ಕರಗುತ್ತವೆ, ಕೈನೆಟೊಕೋರುಗಳು ಖಾಲಿಯಾಗುತ್ತವೆ, ತಡೆ ಬೀಳುತ್ತದೆ. ವಿಷದ ರಾಸಾಯನಿಕ ಬೇಕಿಲ್ಲ.

ಬೆಳಿಗ್ಗೆ ತುದಿಯ 1 ಸೆಂಟಿಮೀಟರ್ ಕತ್ತರಿಸಿ, ಮೂರು ಪಾಲು ಆಲ್ಕೋಹಾಲು ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ 24 ಗಂಟೆ ಇಡಿ. ಮಿಶ್ರಣ ಆಗಿಂದಾಗ ಮಾಡಿದ್ದಿರಬೇಕು, ಹಳೆಯದು ಕೆಲಸ ಮಾಡುವುದಿಲ್ಲ. ಆಮೇಲೆ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 60 ಡಿಗ್ರಿಯಲ್ಲಿ, 8 ನಿಮಿಷ. ಅದನ್ನು ಮಾಡಲು ಸುಮಾರು 90 ಮಿಲಿಲೀಟರ್ ನೀರಿಗೆ 8.3 ಮಿಲಿಲೀಟರ್ ಸಾಂದ್ರ ಆಮ್ಲ ನಿಧಾನವಾಗಿ ಹಾಕಿ, ಮತ್ತೆ ನೀರು ಸೇರಿಸಿ 100ಕ್ಕೆ ತನ್ನಿ. ಆಮ್ಲದ ಮೇಲೆ ನೀರು ಸುರಿಯಬೇಡಿ. ತೊಳೆದು ಅಸಿಟೋ-ಆರ್ಸೀನ್‌ನಲ್ಲಿ 20 ನಿಮಿಷ. ಈಗ ಬಣ್ಣ ಹಿಡಿದ ತುದಿಯ 1ರಿಂದ 2 ಮಿಲಿಮೀಟರ್ ಮಾತ್ರ ಸ್ಲೈಡಿಗೆ, ಉಳಿದದ್ದನ್ನು ಬಿಸಾಡಿ. ಶೇ 45ರ ಅಸಿಟಿಕ್ ಆಮ್ಲದ ಒಂದು ಹನಿ, ಕವರ್‌ಸ್ಲಿಪ್, ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಬ್ಲಾಟಿಂಗ್ ಕಾಗದದ ಮೇಲೆ ಹೆಬ್ಬೆರಳಿನಿಂದ ನೇರ ಒತ್ತು. ಅಡ್ಡ ಜಾರಿದರೆ ಕೋಶಗಳು ಬತ್ತಿಯಂತೆ ಹೊಸೆದುಹೋಗುತ್ತವೆ.

ಉದ್ದುದ್ದ ಕೋಶಗಳೇ ಕಂಡು ವಿಭಜನೆ ಕಾಣದಿದ್ದರೆ ತುದಿಯ ಬದಲು ಮೇಲಿನ ಭಾಗ ಸ್ಲೈಡಿಗೆ ಬಂದಿದೆ. ಕೋಶಗಳು ಗುಂಪಾಗಿ ಒಂದರ ಮೇಲೊಂದಿದ್ದರೆ ಆಮ್ಲದ ಸಮಯ ಕಡಿಮೆಯಾಗಿದೆ, ಬಣ್ಣ ಪೇಲವವಾಗಿದ್ದರೆ ಹೆಚ್ಚಾಗಿದೆ. ಕಪ್ಪು ಹರಳುಗಳಿದ್ದರೆ ಬಣ್ಣವನ್ನು ಸೋಸಿಲ್ಲ.

ಸಭೆಯ ಪ್ರಶ್ನೆಗಳು

“ನಮ್ಮ ಮನ್ಯಾಗಿನವರ ಗಡ್ಡಿ ರಿಪೋರ್ಟಿನ್ಯಾಗ ಕೆಐ-67 ಇಪ್ಪತ್ತು ಅಂತ ಬರದಾರ್ರಿ. ಅಂದ್ರ ಏನ್ರಿ?”

ಗಡ್ಡೆಯ (ಟ್ಯೂಮರಿನ) ನೂರು ಕೋಶಗಳಲ್ಲಿ ಇಪ್ಪತ್ತರಲ್ಲಿ ಈ ಪ್ರೋಟೀನು ಇದೆ ಎಂದು. ವಿಭಜನೆಯ ಚಕ್ರದಲ್ಲಿರುವ ಕೋಶಗಳಲ್ಲಿ ಅದು ಇರುತ್ತದೆ, ವಿಶ್ರಾಂತಿಯಲ್ಲಿರುವವುಗಳಲ್ಲಿ ಇರುವುದಿಲ್ಲ. ಅದು ವೇಗದ ಸೂಚನೆ, ರೋಗದ ಹಂತ ಅಲ್ಲ. ಆ ಸಂಖ್ಯೆಯೊಂದರಿಂದಲೇ ಚಿಕಿತ್ಸೆ ತೀರ್ಮಾನವಾಗುವುದಿಲ್ಲ, ಉಳಿದ ಪರೀಕ್ಷೆಗಳ ಜೊತೆ ಇಟ್ಟು ವೈದ್ಯರು ಓದುತ್ತಾರೆ. ಒಂದು ಎಚ್ಚರ: ತೆಗೆದ ತುಂಡನ್ನು ಒಂದು ಗಂಟೆಯೊಳಗೆ ಶೇ 10ರ ಬಫರ್ ಫಾರ್ಮಲಿನ್‌ಗೆ ಹಾಕಬೇಕು. ಬೇಸಿಗೆಯಲ್ಲಿ ಹಾಗೇ ಬಿದ್ದಿದ್ದರೆ ಸಂಖ್ಯೆ ನಿಜಕ್ಕಿಂತ ಕಡಿಮೆ ಬರುತ್ತದೆ.

“ತಾಯಿ ವಯಸ್ಸಿಗೂ ಡೌನ್ ಸಿಂಡ್ರೋಮಿಗೂ ಏನ್ ಸಂಬಂಧ ರೀ?”

ಹೆಣ್ಣುಮಗು ಗರ್ಭದಲ್ಲಿರುವಾಗಲೇ ಅದರ ಅಂಡಕೋಶಗಳಲ್ಲಿ ಕೊಹೆಸಿನ್ ಬಳೆ ತೊಡಿಸಿ ಆಗಿರುತ್ತದೆ. ಅಂಡ ಬಲಿಯುವುದು ಹದಿನೈದು, ಮೂವತ್ತು, ನಲವತ್ತು ವರ್ಷದ ಮೇಲೆ. ಇಲಿಗಳಲ್ಲಿ ನೋಡಿದಂತೆ ಆ ಬಳೆಗಳನ್ನು ನಡುವೆ ಬದಲಿಸುವ ಏರ್ಪಾಡಿಲ್ಲ. ಸವೆದ ಬಳೆಯ ಜೋಡಿ ಹೊತ್ತಿಗೆ ಮುಂಚೆ ಬಿಚ್ಚಿಕೊಂಡರೆ ಹಂಚಿಕೆ ತಪ್ಪುತ್ತದೆ. ಹಾಗೆ ಮಗುವಿಗೆ 21ನೇ ವರ್ಣತಂತು ಒಂದು ಹೆಚ್ಚು ಬಂದರೆ ಡೌನ್ ಸಿಂಡ್ರೋಮ್. 35ನೇ ವಯಸ್ಸಿನಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಇದು ತಾಯಿಯ ತಪ್ಪಲ್ಲ. ಹೆರಿಗೆಗಳೇ ಹೆಚ್ಚಾದ್ದರಿಂದ ಇಂಥ ಮಕ್ಕಳಲ್ಲಿ ಅನೇಕರು ಹುಟ್ಟುವುದು ಚಿಕ್ಕ ವಯಸ್ಸಿನ ತಾಯಂದಿರಿಗೇ. ಶೇ 3–4ರಷ್ಟು ಮಕ್ಕಳಲ್ಲಿ ಮಾತ್ರ ವರ್ಣತಂತುವಿನ ತುಂಡು ಇನ್ನೊಂದಕ್ಕೆ ಅಂಟಿರುತ್ತದೆ, ಅದು ವಂಶದಲ್ಲಿ ಬಂದಿರಬಹುದು. ಆದ್ದರಿಂದ ಮುಂದಿನ ಮಗುವಿನ ಮುಂಚೆ ಕ್ಯಾರಿಯೋಟೈಪ್ (ವರ್ಣತಂತುಗಳನ್ನು ಎಣಿಸಿ ನೋಡುವ ಪರೀಕ್ಷೆ) ಮಾಡಿಸಬೇಕು. ರಕ್ತವನ್ನು ಹೆಪಾರಿನ್ ಇರುವ ಹಸಿರು ಮುಚ್ಚಳದ ನಳಿಕೆಯಲ್ಲೇ ಕೊಡಿ. ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುವುದಾದರೆ ಬಿಸಿಲಿಗೂ ಬೇಡ, ಫ್ರೀಜರಿಗೂ ಬೇಡ. ಕೋಶಗಳು ಜೀವಂತ ತಲುಪಬೇಕು, ಏಕೆಂದರೆ ಅಲ್ಲಿ ಅವನ್ನು 72 ಗಂಟೆ ಬೆಳೆಸಿ, ಕದಿರೆಳೆ ಕೆಡಿಸುವ ಕೊಲ್ಸಿಮಿಡ್ ಹಾಕಿ ಮೆಟಾಫೇಸಿನಲ್ಲಿ ನಿಲ್ಲಿಸಿ ಎಣಿಸುತ್ತಾರೆ. ಕ್ಯಾರಿಯೋಟೈಪ್ ಎಂದರೆ ಮ್ಯಾಡ್2 ತಡೆದು ನಿಲ್ಲಿಸಿದ ಕೋಶದ ಫೋಟೋ.

“ಗೌರಿ ಹೂವಿನ ಗಡ್ಡಿ ತೇಯ್ದು ಹಾಕಿದ್ರೂ ಕೋಶ ನಿಲ್ತಾವಂತಲ್ರಿ?”

ನಿಲ್ಲುತ್ತವೆ. ಅದರಲ್ಲಿ ಕದಿರೆಳೆ ಕಟ್ಟದಂತೆ ತಡೆಯುವ ಕಾಲ್ಚಿಸಿನ್ ಇದೆ. ಆದರೆ ಅದು ಮಾರಕ ವಿಷ, ಶಾಲೆಯಲ್ಲಿ ಮುಟ್ಟಲೇಬೇಡಿ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ 1938ರಲ್ಲಿ ಕಾಲ್ಚಿಸಿನ್ ಪರಿಣಾಮವನ್ನು ಇದೇ ಉಳ್ಳಾಗಡ್ಡಿ ಬೇರಿನಲ್ಲಿ ನೋಡಿದ್ದರು. ಅದೇ ಲೆವಾನ್ 1956ರಲ್ಲಿ ಜೋ ಹಿನ್ ಜಿಯೊ ಜೊತೆ ಮನುಷ್ಯನಿಗೆ 48 ಅಲ್ಲ, 46 ವರ್ಣತಂತು ಎಂದು ಎಣಿಸಿ ಹೇಳಿದರು. ಗಿಡದ ಕೋಶ ಬಹಳ ಹೊತ್ತು ಕಾಯುವುದಿಲ್ಲ, ಹಂಚದೆಯೇ ವಿಭಜನೆ ಬಿಟ್ಟು ಹೊರಬಂದು ಎರಡು ಪಟ್ಟು ವರ್ಣತಂತು ಇಟ್ಟುಕೊಳ್ಳುತ್ತದೆ. ಬೀಜವಿಲ್ಲದ ಕಲ್ಲಂಗಡಿಯ ತಾಯಿಗಿಡವನ್ನು ಪಡೆಯುವುದು ಹಾಗೆ. ಸದಾಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ಔಷಧವೂ ಕದಿರೆಳೆಗಳನ್ನೇ ಕೆಡಿಸುತ್ತದೆ, ತಡೆಯಲ್ಲಿ ಸಿಕ್ಕ ಕ್ಯಾನ್ಸರ್ ಕೋಶ ಸಾಯುತ್ತದೆ. ಕೆಲವು ಕೋಶಗಳು ಗಿಡದಂತೆಯೇ ಜಾರಿಕೊಂಡು ಉಳಿಯುತ್ತವೆ.

“ತೊಗರಿ ಬೇರಿನ್ಯಾಗ ಮಾಡಿ ತೋರಿಸಬಹುದೇನ್ರಿ?”

ಮಾಡಬಹುದು, ಆದರೆ ಕಷ್ಟ. ತೊಗರಿಗೆ 22 ವರ್ಣತಂತು, ಗಾತ್ರ ಉಳ್ಳಾಗಡ್ಡಿಯದರ ಮುಂದೆ ಏನೂ ಅಲ್ಲ. ಎಣಿಸಲು 100 ಪಟ್ಟಿನ ಎಣ್ಣೆ ಮಸೂರ ಬೇಕು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬೇರು 1 ಸೆಂಟಿಮೀಟರ್ ದಾಟಿದಾಗ 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೊಲಿನ್‌ನಲ್ಲಿ ತಂಪಾದ ಜಾಗದಲ್ಲಿ 3ರಿಂದ 4 ಗಂಟೆ ಇಡಿ. ವರ್ಣತಂತುಗಳು ಗಿಡ್ಡಾಗಿ ಬಿಡಿ ಬಿಡಿಯಾಗುತ್ತವೆ. ಉಳಿದದ್ದೆಲ್ಲ ಉಳ್ಳಾಗಡ್ಡಿಯ ಹಾಗೆಯೇ. ಸ್ಲೈಡಿಗೆ ಹಾಕುವ ತುದಿ ಮಾತ್ರ 1 ಮಿಲಿಮೀಟರ್ ಮೀರದಿರಲಿ.